ಡೈಕ್ಲೋಫೆನಾಕ್ ವಿಷ್ಯಾನೇ ಬಿಟ್ಬಿಟ್ರಲ್ಲ
ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ಕಮ್ಮಿ ಆಗಿದ್ದು ತಿನ್ನೋಕೆ ಸಿಗದೆ ಅಂತ ನಿಮ್ ಲೇಖನದಲ್ಲಿ ಬರ್ದಿದೀರ ಸರ್, ಅದೂ ಇರ್ಬೋದು, ಆದ್ರೆ ಡೈಕ್ಲೋಫೆನಾಕ್ ಬಗ್ಗೆ ಒಂದ್ ಮಾತೂ ಇಲ್ವಲ್ಲ. ನೋವು, ಊತಕ್ಕೆ ದನಕ್ಕೆ ಚುಚ್ತಿದ್ದ ಇಂಜೆಕ್ಷನ್ ಅದು, ಆ ದನ ಸತ್ತು ಅದರ ಮಾಂಸಾನ ರಣಹದ್ದು ತಿಂದ್ರೆ ಹದ್ದಿನ ಕಿಡ್ನಿ ಫೇಲ್. ನಮ್ಗೆ ನೈಟ್ರೋಜನ್ ಕಸ ಯೂರಿಯಾ ಆಗಿ ಮೂತ್ರದಲ್ಲಿ ಹೋಗತ್ತೆ, ಹಕ್ಕಿಗಳಿಗೆ ಯೂರಿಕ್ ಆಸಿಡ್ ಆಗಿ, ಹಿಕ್ಕೇಲಿ ಬೆಳ್ಳಗೆ ಕಾಣತ್ತಲ್ಲ ಅದೇ. ಕಿಡ್ನಿ ನಿಂತ್ರೆ ಅದು ರಕ್ತದಲ್ಲೇ ಉಳ್ದು ಲಿವರ್, ಹಾರ್ಟ್ ಮೇಲೆಲ್ಲ ಸುಣ್ಣ ಬಳ್ದಂಗೆ ಕೂತ್ಕೊಳತ್ತೆ, ಕೆಲವೇ ದಿನದಲ್ಲಿ ಹಕ್ಕಿ ಕತೆ ಮುಗೀತು. 2006ರಲ್ಲೇ ದನಕ್ಕೆ ಕೊಡೋದು ಬ್ಯಾನ್ ಆಯ್ತು, ಆಮೇಲೂ ಮನುಷ್ಯರಿಗೆ ಅಂತ ಮಾಡಿದ್ದ ಇದೇ ಔಷಧಿ ದೊಡ್ಡ ಬಾಟ್ಲಿ ತಂದು ಚುಚ್ತಿದ್ರು (ನಮ್ ಜನ ಬಿಡ್ತಾರಾ), ಅದಕ್ಕೇ 2015ರಲ್ಲಿ 3 ಎಂಎಲ್‌ಗಿಂತ ದೊಡ್ಡದು ಮಾಡಂಗಿಲ್ಲ ಅಂದ್ರು. ಇದರ ಬದ್ಲು ದನದ ನೋವಿಗೆ ಕೊಡೋ ಇನ್ನೊಂದು ಔಷಧಿ ಮೆಲಾಕ್ಸಿಕಾಮ್ ಹದ್ದಿಗೆ ಏನೂ ಮಾಡಲ್ಲ, ದನ ಸಾಕಿರೋರು ಡಾಕ್ಟ್ರ ಹತ್ರ ಅದನ್ನೇ ಕೇಳಿ.