ಆನೆ ಯಾರದ್ದು ಅಂಕಲ್?

ಹೋದ ತಿಂಗಳು ಬೆಂಗಳೂರಿನ ಮೇಡಂ ಒಬ್ಬರು ನನ್ನ ಮರದ ಗೊಂಬೆ ಅಂಗಡಿಗೆ ಬಂದರು. ಬಂದಿದ್ದೇ ದೊಡ್ಡದು ಬಿಡಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಮೈಸೂರಿನ ಕಾರುಗಳು ಚನ್ನಪಟ್ಟಣವನ್ನು ಬೋರ್ಡಿನಲ್ಲಷ್ಟೇ ನೋಡುತ್ತವೆ. ನನ್ನ ಆನೆಬಂಡಿ ಎತ್ತಿಕೊಂಡು ಬೆಲೆ ಕೇಳಿದರು. 450 ಎಂದೆ. ಫೋನ್ ತೆಗೆದು ಮುಖಕ್ಕೆ ಹಿಡಿದರು.

"ಇದೇ ಆನೆ ಅಂಕಲ್. 149ಕ್ಕೆ ಮನೆಗೇ ಬರತ್ತೆ."

ಇದೇ ಆನೆ ಹೌದು. ಫೋಟೋದಲ್ಲಿ ಅದನ್ನು ಹಿಡಿದಿರುವ ಹೆಬ್ಬೆರಳೂ ನನ್ನದೇ! ಅರಗು ತಾಗಿ ಸುಟ್ಟ ಕಲೆ, ಉಗುರಿನ ಸಂದಿಯ ಕೆಂಪು ಬಣ್ಣ, ಎಲ್ಲಾ ಇದೆ. ಆಲೆ ಮರ ತಂದು ತಿಂಗಳುಗಟ್ಟಲೆ ಒಣಗಿಸಿ, ಲೇತಿನಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿ, ಆ ಕಾವಿಗೆ ಕರಗಿದ ಬಣ್ಣಕ್ಕೆ ತಾಳೆ ಗರಿ ಹಿಡಿದು ಹೊಳಪು ಕೊಡುವವನು ನಾನು. ಈ ಫೋಟೋ ಕದ್ದು ಆನ್‌ಲೈನ್‌ನಲ್ಲಿ ಮಾರುತ್ತಿರುವವನು ಒತ್ತಿದ್ದು ಫೋನಿನ ಬಟನ್ ಒಂದೇ.

ಊರಿನ ಹೆಸರಿಗೆ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಇದೆಯಲ್ಲಾ ಅಂತೀರಾ? ಇದೆ. ಸುಳ್ಳು ಹೆಸರಲ್ಲಿ ಮಾರಿದರೆ 1999ರ ಕಾನೂನಿನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, ಜೊತೆಗೆ 50,000ದಿಂದ 2 ಲಕ್ಷ ದಂಡ. ಕಳ್ಳನೂ ಇದನ್ನು ಓದಿರಬೇಕು, 'ಚನ್ನಪಟ್ಟಣ ಸ್ಟೈಲ್' ಅಂತ ಹಾಕಿದ್ದಾನೆ. ಮತ್ತೆ ಟ್ಯಾಗ್ ಕಾಯುವುದು ಹೆಸರನ್ನು, ನನ್ನ ಆನೆಯ ಸೊಂಡಿಲನ್ನಲ್ಲ. ಸೊಂಡಿಲಿಗೆ ಹಕ್ಕು ಬೇಕಾದರೆ ಡಿಸೈನ್ ನೋಂದಣಿ ಮಾಡಿಸಬೇಕು, ಅದೂ ಆನೆ ಹೊರಗೆ ಯಾರ ಕಣ್ಣಿಗೂ ಬೀಳುವ ಮೊದಲು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿ ನಕ್ಕೆವು. ಅವರೇ ಜಾಣರು ಅಂತ ಈಗ ಗೊತ್ತಾಯ್ತು.

ಸರಿ, ಆ ಆನ್‌ಲೈನ್ ಅಂಗಡಿಗೇ ದೂರು ಕೊಟ್ಟೆ. ಉತ್ತರ ಬಂತು: ಈ ವಸ್ತು ನಿಮ್ಮದೇ ಎನ್ನುವುದಕ್ಕೆ ಖರೀದಿ ಬಿಲ್ ಲಗತ್ತಿಸಿ.

ಮಾಡಿದವನ ಹತ್ತಿರ ಖರೀದಿ ಬಿಲ್ ಎಲ್ಲಿಂದ ಬರಬೇಕು ಸ್ವಾಮಿ? ಮರದ ತುಂಡಿನ ಫೋಟೋ ಕಳಿಸಿದೆ. ಒಪ್ಪಲಿಲ್ಲ. ಹೆಬ್ಬೆರಳಿನ ಫೋಟೋ ಕಳಿಸಿದೆ. ಅದಕ್ಕೆ ಬಂದ ಉತ್ತರ ಇನ್ನೂ ಚೆನ್ನಾಗಿತ್ತು: ನಿಮ್ಮ ಚಿತ್ರ ನಮ್ಮಲ್ಲಿ ಈಗಾಗಲೇ ಮಾರಾಟಕ್ಕಿರುವ ಚಿತ್ರವನ್ನು ಹೋಲುತ್ತದೆ, ದಯವಿಟ್ಟು ನಕಲು ಮಾಡಬೇಡಿ. ನನ್ನ ಬೆರಳು ನನ್ನದೇ ಬೆರಳಿನ ನಕಲಂತೆ. ಇನ್ನು ಮೇಲೆ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವಾಗ ಆ ಕಳ್ಳನನ್ನೊಂದು ಮಾತು ಕೇಳಬೇಕೇನೋ.

ನಿನ್ನೆ ಅದೇ ಮೇಡಂ ಮತ್ತೆ ಬಂದರು. ಚೀಲದಿಂದ 149ರ ಆನೆ ಹೊರಗೆ ಬಂತು. ಮಗು ಬಾಯಿಗಿಟ್ಟ ಕಡೆ ಬಣ್ಣ ಎದ್ದಿದೆ. ಒಂದು ಚಕ್ರ ಇಲ್ಲ, ಉಳಿದವು ತಿರುಗುತ್ತಿಲ್ಲ.

"ಅಂಕಲ್, ನಿಮ್ಮ ಆನೆ ಒಂದೇ ವಾರಕ್ಕೆ ಕೆಟ್ಟುಹೋಯ್ತು ನೋಡಿ!"

ಅಂತೂ ಆನೆ ನನ್ನದಾಯ್ತು. ಬಣ್ಣ ಕೆರೆದು ತೆಗೆದೆ, ಅರಗು ಹತ್ತಿಸಿದೆ, ಹೊಸ ಚಕ್ರ ಕಡೆದು ಕೂರಿಸಿದೆ. 200 ರೂಪಾಯಿ ಕೇಳಿದೆ. ಮೇಡಂ ಫೋನ್ ತೆಗೆದರು.

"ಚಕ್ರ ಮಾತ್ರ ಆನ್‌ಲೈನ್‌ನಲ್ಲಿ ಸಿಗತ್ತಾ ನೋಡ್ತೀನಿ, ಇರಿ."