ಬಂದಿದ್ದೂ ಬಾರದ ಮೊದಲ ವರ್ಷ

ನಮ್ಮ ಮಗನ ಡಿಗ್ರಿ ಮೊದಲ ವರ್ಷ ಮುಗಿಯಿತು. ಮುಗಿಯಿತು ಅಂತ ಅವನು ಹೇಳುತ್ತಾನೆ, ಕಂಪ್ಯೂಟರ್ ಇನ್ನೂ ಒಪ್ಪಿಲ್ಲ.

ಎರಡನೇ ಸೆಮಿಸ್ಟರ್ ಪರೀಕ್ಷೆಗೆ ವಾರ ಇದೆ ಅನ್ನುವಾಗ ಮೊದಲ ಸೆಮಿಸ್ಟರಿನ ಫಲಿತಾಂಶ ಬಂತು. ಅರ್ಥಶಾಸ್ತ್ರದ ಮುಂದೆ ಅಂಕ ಇರಬೇಕಾದ ಜಾಗದಲ್ಲಿ ಎರಡೇ ಅಕ್ಷರ. ಎ, ಬಿ. ಎ ಗ್ರೇಡಿಗೂ ಬಿ ಗ್ರೇಡಿಗೂ ನಡುವೆ ಎಲ್ಲೋ ಇದ್ದಾನೆ, ಪರವಾಗಿಲ್ಲ ಅಂತ ಅವನ ಅಮ್ಮ ಖುಷಿಪಟ್ಟಳು. ಪಾಯಸವೂ ಆಯಿತು. ಅದು ಆಬ್ಸೆಂಟ್ ಅಂತ ಸಂಜೆ ಗೊತ್ತಾಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ಅವನನ್ನು ಬಸ್ ಹತ್ತಿಸಿದವನು ನಾನೇ. ಮೊಸರನ್ನ ತಿಂದು ಹೋಗಿ, ಕೊನೆಯ ಪುಟದವರೆಗೂ ಬರೆದು ಬಂದಿದ್ದ. ಏನು ಬರೆದ ಅನ್ನುವುದು ಬೇರೆ ಮಾತು. ಬರೆದದ್ದಂತೂ ನಿಜ. ಕಾಲೇಜಿನ ಗುಮಾಸ್ತರ ಹತ್ತಿರ ಹೋಗಿ, 'ಸಾರ್, ನಾನು ಬಂದಿದ್ದೆ' ಅಂದನಂತೆ.

'ಬಂದಿಲ್ಲ ಅಂತಿದೆಯಲ್ಲಪ್ಪಾ.'

'ನೀವೇ ಸಾರ್ ಹಾಲ್‌ನಲ್ಲಿ ಪೇಪರ್ ಕೊಟ್ಟಿದ್ದು.'

'ನಾನು ಕೊಟ್ಟಿರಬಹುದು. ನೀನು ಬಂದಿಲ್ಲ.'

ಎಂಥ ವೇದಾಂತ! ಇಷ್ಟನ್ನು ಅರಿಯಲು ಹಿಂದಿನವರು ಗುಹೆ ಹುಡುಕಿಕೊಂಡು ಹೋಗುತ್ತಿದ್ದರು. ಈಗ ತಾಲ್ಲೂಕು ಕೇಂದ್ರದಲ್ಲೇ, ಬೆಳಿಗ್ಗೆ ಹತ್ತರಿಂದ ಐದರವರೆಗೆ ಸಿಗುತ್ತದೆ. ಊಟದ ವಿರಾಮ ಬಿಟ್ಟು.

ಇವನಿಗಿಂತ ಮೊದಲು ಅವನ ಅಕ್ಕ ಡಿಗ್ರಿಗೆ ಸೇರಿದ್ದಳು, 2021ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಕೇಂದ್ರದ ಹೊಸ ಶಿಕ್ಷಣ ನೀತಿ ಜಾರಿಗೆ ಆದೇಶ ಹೊರಡಿಸಿದ ದೇಶದ ಮೊದಲ ರಾಜ್ಯ ನಮ್ಮದು. ನೆನಪಿದೆಯಲ್ವಾ? ಡಿಗ್ರಿ ನಾಲ್ಕು ವರ್ಷ ಆಯಿತು. ತಮ್ಮ ಸೇರುವ ಹೊತ್ತಿಗೆ, 2024ರಲ್ಲಿ, ಮತ್ತೆ ಮೂರೇ ವರ್ಷ. ನಾನು ಓದಿದ್ದು ಇವೆರಡಕ್ಕೂ ಹಿಂದಿನ ಸ್ಕೀಮು. ಹೀಗೆ ಒಂದೇ ಮನೆಯಲ್ಲಿ ಮೂರು ಅಳತೆಯ ಡಿಗ್ರಿ. ನಮ್ಮೂರ ದರ್ಜಿ ಕೂಡ ಬಟ್ಟೆ ಕತ್ತರಿಸುವ ಮೊದಲು ಒಂದು ಸಲ ಅಳತೆ ತೆಗೆಯುತ್ತಾನೆ. ಇಲ್ಲಿ ಹೊಲಿದಾದ ಮೇಲೆ ಮಕ್ಕಳನ್ನು ಕತ್ತರಿಸುತ್ತಾರೆ.

ಅಕ್ಕನ ಮೊದಲ ವರ್ಷದಲ್ಲಿ ಡಿಜಿಟಲ್ ಫ್ಲುಯೆನ್ಸಿ ಅಂತ ಒಂದು ವಿಷಯ ಇತ್ತು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್ ಕಂಪ್ಯೂಟಿಂಗ್. ಕಾಲೇಜಿನಲ್ಲಿ ಕಂಪ್ಯೂಟರ್ ಇರಲಿಲ್ಲ ಅನ್ನಬೇಡಿ, ಇದ್ದವು. ಆ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ಗೊತ್ತಿರಲಿಲ್ಲ. ಹಾಗಾಗಿ ಇನ್ನೂರು ಪುಟದ ನೋಟ್‌ಬುಕ್ಕಿಗೆ ಡಿಕ್ಟೇಷನ್. ಮಾರ್ಜಿನ್ ಎಳೆದು, ನೀಲಿ ಪೆನ್ನಿನಲ್ಲಿ ಕ್ಲೌಡ್ ಕಂಪ್ಯೂಟಿಂಗ್ ಕಲಿತಳು. ಮೋಡದ ಚಿತ್ರ ಬರೆದರೆ ಒಂದು ಅಂಕ ಜಾಸ್ತಿ ಅಂತ ಕ್ಲಾಸಿನಲ್ಲಿ ಸುದ್ದಿ ಇತ್ತಂತೆ.

ಓಪನ್ ಎಲೆಕ್ಟಿವ್ ಇನ್ನೂ ಚೆಂದ. ಇಷ್ಟವಾದದ್ದನ್ನು ಆರಿಸಿಕೊಳ್ಳಿ ಅಂದರು. ರಾತ್ರಿ ಹತ್ತಕ್ಕೆ ಹೈವೇ ಹೋಟೆಲಿಗೆ ಹೋಗಿದ್ದೀರಾ? ಮಾಣಿ ಟೇಬಲ್ ಒರೆಸುತ್ತಾ ಏನು ಬೇಕು ಅನ್ನುತ್ತಾನೆ. ಮಸಾಲೆ ದೋಸೆ? ಹಿಟ್ಟು ಖಾಲಿ. ಪೂರಿ? ಬೆಳಿಗ್ಗೆ ಮಾತ್ರ. ಇಡ್ಲಿ? ಈಗಷ್ಟೇ ಮುಗೀತು ಸಾರ್. ಮತ್ತೇನಿದೆ ಮಾರಾಯ ಅಂದರೆ, ಉಪ್ಪಿಟ್ಟು. ನಮ್ಮ ಹುಡುಗಿಗೆ ಮನಶ್ಶಾಸ್ತ್ರ ಬೇಕಿತ್ತು. ಕಲಿಸುವವರಿಲ್ಲ. ಪತ್ರಿಕೋದ್ಯಮ? ಆ ವಿಭಾಗವೇ ಇಲ್ಲ. ಕೊನೆಗೆ ಬಿ.ಎ. ಹುಡುಗಿಗೆ ಕಾಮರ್ಸಿನವರ ಒಂದು ಪೇಪರ್ ಸಿಕ್ಕಿತು. ಉಪ್ಪಿಟ್ಟಾದರೂ ಬಿಸಿ ಇತ್ತಾ ಅಂದರೆ, ಬಡಿಸುವವರೇ ಇರಲಿಲ್ಲ. ಡಿಸೆಂಬರಿನಲ್ಲಿ ಅತಿಥಿ ಉಪನ್ಯಾಸಕರು ಮುಷ್ಕರ ಹೂಡಿದ್ದರು. ವರ್ಷಗಟ್ಟಲೆ ಅತಿಥಿಯಾಗಿಯೇ ಇಟ್ಟುಕೊಂಡರೆ ಯಾರು ತಾನೇ ಹೂಡುವುದಿಲ್ಲ? ಫೆಬ್ರವರಿಯಲ್ಲಿ ಕಾಲೇಜುಗಳ ಬಾಗಿಲೇ ಮುಚ್ಚಿತು. ಹಿಜಾಬ್ ಗಲಾಟೆ ನಿಮಗೆ ಗೊತ್ತು, ನಾನು ಬರೆಯುವುದಿಲ್ಲ.

ಒಂದೊಂದು ವಿಷಯ ಪಾಸಾದಾಗಲೂ ಸಿಗುವ ಲೆಕ್ಕಕ್ಕೆ ಕ್ರೆಡಿಟ್ ಅಂತ ಹೆಸರು. ಇವರೆಲ್ಲರ ಕ್ರೆಡಿಟ್ ಜಮಾ ಆಗುವುದಕ್ಕೆ ಒಂದು ಬ್ಯಾಂಕೂ ಇದೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ನಮ್ಮ ಕಡೆ ಕ್ರೆಡಿಟ್ ಅಂದರೆ ಉದ್ರಿ. ಶೆಟ್ಟರ ಅಂಗಡಿಯಲ್ಲಿ ಬೋರ್ಡೇ ಇದೆ, 'ಇಂದು ನಗದು, ನಾಳೆ ಉದ್ರಿ'. ವಿಶ್ವವಿದ್ಯಾಲಯವೂ ಅದನ್ನೇ ಪಾಲಿಸುತ್ತದೆ. ಶುಲ್ಕ ಇಂದು, ಅಂಕಪಟ್ಟಿ ನಾಳೆ.

ಆ ನೀತಿಯಲ್ಲಿ ನನಗೆ ಭಾರಿ ಹಿಡಿಸಿದ್ದು ಮಲ್ಟಿಪಲ್ ಎಕ್ಸಿಟ್. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ನಡುವೆ ಇಳಿದವರಿಗೂ ಟಿಕೆಟ್ ಕೊಡುವ ಇಂಥ ಕಂಡಕ್ಟರ್ ಎಲ್ಲಿ ಸಿಗುತ್ತಾನೆ? ಮಗಳ ಪಕ್ಕ ಕೂರುತ್ತಿದ್ದ ಹುಡುಗಿ ಮೊದಲ ವರ್ಷಕ್ಕೇ ಇಳಿದಳು. ಮೇ ತಿಂಗಳಲ್ಲಿ ಮದುವೆ. ಅಂಕದಲ್ಲಿ ಕ್ಲಾಸಿಗೆ ಅವಳೇ ಮೊದಲು. ಅವಳ ಅಪ್ಪನಿಗೆ ನೀತಿಯೂ ಗೊತ್ತಿಲ್ಲ, ಕ್ರೆಡಿಟ್ಟೂ ಗೊತ್ತಿಲ್ಲ. ಇದ್ದ ಮೂರು ವರ್ಷ ಮುಗಿಸುವುದೇ ಕಷ್ಟ, ಅದನ್ನು ನಾಲ್ಕು ಮಾಡಿದರಂತೆ ಅನ್ನುವುದಷ್ಟೇ ಕಿವಿಗೆ ಬಿದ್ದಿತ್ತು. ಇಂಥ ಹುಡುಗಿಯರಿಗೆ ಹೊರಹೋಗುವ ಬಾಗಿಲು ಯಾವತ್ತು ಮುಚ್ಚಿತ್ತು ಸ್ವಾಮಿ? ಫೀಸಿನ ಬಾಗಿಲು, ಬಸ್ಸಿಲ್ಲದ ಬಾಗಿಲು, ಮದುವೆಯ ಬಾಗಿಲು. ಅವಳನ್ನು ಒಳಗೆ ಉಳಿಸಿಕೊಳ್ಳುವ ಬಾಗಿಲು ಒಂದನ್ನು ಮಾಡಬೇಕಿತ್ತು. ಎರಡು ವರ್ಷ ಬಿಟ್ಟು ನಾಲ್ಕು ಬೇಡ, ಮೂರೇ ಸಾಕು ಅಂದರಲ್ಲ, ಅವಳಿಗೆ ಯಾರಾದರೂ ಫೋನ್ ಮಾಡಿದರಾ?

ಇರಲಿ. ವಿಶ್ವವಿದ್ಯಾಲಯಗಳ ಗತಿಯೇ ಹಾಗಿದೆ, ಹುಡುಗಿಯರದ್ದು ಏನು. 2023ರ ಮಾರ್ಚಿನಲ್ಲಿ ಒಟ್ಟಿಗೆ ಏಳು ಹೊಸ ವಿಶ್ವವಿದ್ಯಾಲಯ ಉದ್ಘಾಟನೆ ಆದವು. ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬೀದರ್, ಬಾಗಲಕೋಟೆ, ಚಾಮರಾಜನಗರ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಕೂತು, ಬೀದರ್ ಒಂದನ್ನು ಬಿಟ್ಟು ಉಳಿದವನ್ನು ಮುಚ್ಚೋಣ ಅಂದಿತು. ದುಡ್ಡಿಲ್ಲವಂತೆ. ಹೆಸರಿಟ್ಟು ಎರಡು ವರ್ಷ ಆಗಿರಲಿಲ್ಲ, ತಿಥಿಯ ಅಡುಗೆಯವರಿಗೆ ಅಡ್ವಾನ್ಸ್!

ಮಗನ ವಿಷಯಕ್ಕೆ ಬರುತ್ತೇನೆ. ಅವನು ಬಂದಿದ್ದ ಅನ್ನುವುದಕ್ಕೆ ಪರೀಕ್ಷಾ ಕೊಠಡಿಯ ಹಾಜರಾತಿ ಹಾಳೆಯ ಪ್ರತಿ, ಪ್ರಾಂಶುಪಾಲರ ಪತ್ರ, ಹಾಲ್ ಟಿಕೆಟ್, ಒಂದು ಅರ್ಜಿ, ಎಲ್ಲ ಜೋಡಿಸಿ ವಿಶ್ವವಿದ್ಯಾಲಯಕ್ಕೆ ಕೊಡಬೇಕು. ಎಂಬತ್ತು ಕಿಲೋಮೀಟರ್. ಅಕ್ಕನನ್ನೇ ಕಳಿಸಿದೆವು. ಅವಳಿಗೆ ಬಸ್ ಫ್ರೀ, ಜೊತೆಗೆ ಅವಳದೂ ಒಂದು ಅಂಕಪಟ್ಟಿ ಅಲ್ಲೇ ಬಾಕಿ ಇದೆ. ಕೌಂಟರಿನವರು ಕಾಗದ ತಿರುಗಿಸಿ ನೋಡಿ, 'ಸೆಕ್ಷನ್ನಿನವರು ರಜೆ, ನಾಳೆ ಬನ್ನಿ' ಅಂದರು. ಹೀಗೆ ಮೂರು ಸಲ.

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯಲ್ಲಿ ಪ್ರತಿ ಬಾಗಿಲ ಮೇಲೂ ಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು, ಅದನ್ನು ಓದಿ, ಸರಿ ಅಂತ ವಾಪಸ್ ಹೋಗುತ್ತಿತ್ತು. ಪಾಪ, ಮರುದಿನ ಮತ್ತೆ ಬರುತ್ತಿತ್ತು. ನನಗೆ ಆಗ ಆ ದೆವ್ವದ ಬಗ್ಗೆ ಭಯ ಇತ್ತು. ಈಗ ಅದು ಯಾವುದೋ ಸೆಮಿಸ್ಟರಿನ ಅಂಕಪಟ್ಟಿ ಕೇಳಲು ಬರುತ್ತಿತ್ತೇನೋ ಅನ್ನಿಸುತ್ತದೆ.

ಮೊನ್ನೆ ಮಗನ ಮೊಬೈಲಿಗೆ ಮೆಸೇಜು ಬಂತು. ಎರಡನೇ ವರ್ಷದ ಶುಲ್ಕ ಕಟ್ಟಲು ಶುಕ್ರವಾರ ಕೊನೆಯ ದಿನ, ತಪ್ಪಿದರೆ ದಂಡ. ಆ ಪಟ್ಟಿಯಲ್ಲಿ ಅವನು ಹಾಜರ್. ಕಟ್ಟಿದೆವು.

ಸೋಮವಾರ ಅಕ್ಕ ಮತ್ತೆ ಹೊರಡುತ್ತಾಳೆ. ಆಧಾರ್ ಕಾರ್ಡನ್ನು ಈಗಲೇ ಬ್ಯಾಗಿನ ಹೊರ ಜೇಬಿಗೆ ಹಾಕಿಕೊಂಡಿದ್ದಾಳೆ. ಅವಳ ಅಮ್ಮ ಚಿತ್ರಾನ್ನಕ್ಕೆ ನಿಂಬೆಹಣ್ಣು ತರಲು ಹೇಳಿದ್ದಾಳೆ, ಹೋಗಬೇಕು.