ಮೊದಲು ಫೋನು, ಆಮೇಲೆ ಟವರು

ನಮ್ಮ ದೇಶದಲ್ಲಿ 5ಜಿ ಫೋನ್ ಮಾರಾಟಕ್ಕೆ ಬಂದದ್ದು 2020ರ ಫೆಬ್ರವರಿಯಲ್ಲಿ. ತರಂಗಾಂತರದ ಹರಾಜು ಮುಗಿದದ್ದು 2022ರ ಆಗಸ್ಟ್ 1ಕ್ಕೆ. ಸೇವೆ ಉದ್ಘಾಟನೆ ಆದದ್ದು ಅದೇ ವರ್ಷ ಅಕ್ಟೋಬರ್ 1ಕ್ಕೆ. ನಡುವಿನ ಎರಡೂವರೆ ವರ್ಷ ಇಲ್ಲದ ನೆಟ್‌ವರ್ಕಿಗೆ ಜನ ಕಂತು ಕಟ್ಟಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಹಿಂದೆಯೂ ಇದ್ದರು. ಆದರೆ ಕೂಸು ಹುಟ್ಟುವಷ್ಟರಲ್ಲಿ ಕುಲಾವಿಯ ಬ್ಯಾಟರಿ ಉಬ್ಬಿದ್ದು ಇದೇ ಮೊದಲು. ಐಫೋನ್ ಕೊಂಡವರದ್ದು ಇನ್ನೂ ಚೆಂದ. 5ಜಿ ಶುರುವಾದ ಮೇಲೂ ಸಾಫ್ಟ್‌ವೇರ್ ಅಪ್‌ಡೇಟ್‌ಗಾಗಿ ಡಿಸೆಂಬರ್‌ವರೆಗೆ ಕಾದರು.

ಮಲೆನಾಡಿನವರು ಇದರಿಂದ ಪಾಠ ಕಲಿತರಾ? ಛೆ, ಎಲ್ಲಾದರೂ ಉಂಟಾ! ಅಡಿಕೆ ದುಡ್ಡು ಬಂದ ವಾರ ಶಿವಮೊಗ್ಗದ ಮೊಬೈಲ್ ಅಂಗಡಿಗಳಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಹೊಸನಗರ ಕಡೆಯ ರಾಯರೊಬ್ಬರು ಕೇಳುತ್ತಾರೆ, "ಅಲ್ಲ ಮಾರಾಯ, ನಮ್ಮಲ್ಲಿ ಒಂದು ಕಡ್ಡಿ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. 5ಜಿ ಏನಕ್ಕೆ?"

"ಫ್ಯೂಚರ್‌ಗೆ ಬೇಕಾಗುತ್ತೆ ಸಾರ್" ಎನ್ನುತ್ತಾನೆ ಅಂಗಡಿ ಹುಡುಗ.

ಅಲ್ಲಿಗೆ ಮುಗಿಯಿತು. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಫಸಲಿಗೆ ಕಾಯುವ ಮನುಷ್ಯನಿಗೆ ಟವರ್ ಕಾಯುವುದು ಯಾವ ಲೆಕ್ಕ?

ಫ್ಯೂಚರ್ ಗುಡ್ಡ ಹತ್ತಿ ಬರಬೇಕಲ್ವಾ, ಅದೇ ತೊಂದರೆ. ಜಾಸ್ತಿ ವೇಗ ಕೊಡುವ 3.5 ಗಿಗಾಹರ್ಟ್ಸ್ ತರಂಗ ಜಾಸ್ತಿ ದೂರ ಹೋಗುವುದಿಲ್ಲ. ಗುಡ್ಡ, ದಪ್ಪ ಗೋಡೆ, ಒದ್ದೆ ಎಲೆ ಎದುರಾದರೆ ಸೊರಗುತ್ತದೆ. ನಮ್ಮಲ್ಲಿ ಬೇರೆ ಇನ್ನೇನಿದೆ ಹೇಳಿ! 700 ಮೆಗಾಹರ್ಟ್ಸ್ ದೂರ ಹೋಗುತ್ತದೆ, ನಿಜ. ಅದಕ್ಕೂ ಟವರ್ ಬೇಕು. ಟವರಿಗೆ ಕರೆಂಟ್ ಬೇಕು. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ, ಬ್ಯಾಟರಿ ಇರುವಷ್ಟು ಹೊತ್ತು ಟವರಿಗೆ ಜೀವ. ಜನರೇಟರ್‌ಗೆ ಡೀಸೆಲ್ ಯಾಕೆ ಹಾಕಿಲ್ಲ ಎಂದು ಕೇಳಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಕು. ಮಾಡಲು ಟವರ್ ಬೇಕು.

ರಾಯರ ಹೊಸ ಫೋನ್ ಬೆಳಗಿನಿಂದ ಸಿಗ್ನಲ್ ಹುಡುಕಿ ಹುಡುಕಿ ಸಂಜೆಗೆ ಚಾರ್ಜ್ ಖಾಲಿ ಮಾಡಿಕೊಳ್ಳುತ್ತಿತ್ತು. ರಜೆಗೆ ಬಂದ ಬೆಂಗಳೂರಿನ ಮೊಮ್ಮಗ ಸೆಟ್ಟಿಂಗ್ಸ್‌ಗೆ ಹೋಗಿ 5ಜಿ ಆಫ್ ಮಾಡಿದ. "ಈಗ ಸರಿ ಇದೆ ಅಜ್ಜ" ಎಂದ. 5ಜಿ ಅಂತ ನಾಲ್ಕಾರು ಸಾವಿರ ಜಾಸ್ತಿ ಕೊಟ್ಟಿದ್ದರು. ಅದನ್ನು ಆಫ್ ಮಾಡಿದ ಮೇಲೆ ಫೋನ್ ನಿಜಕ್ಕೂ ಚೆನ್ನಾಗಿ ನಡೆಯಿತು.

ಸರ್ಕಾರವಾದರೂ ಸಾಲಾಗಿ ಎಣಿಸುತ್ತದಾ ಅಂದರೆ, ಅದೂ ಇಲ್ಲ. 6ಜಿ ಮುನ್ನೋಟದ ದಾಖಲೆ ದೆಹಲಿಯಲ್ಲಿ ಬಿಡುಗಡೆ ಆದದ್ದು 2023ರ ಮಾರ್ಚ್‌ನಲ್ಲಿ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ಚಾಲನೆ ಸಿಕ್ಕಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಆರು ಮೊದಲು, ನಾಲ್ಕು ಆಮೇಲೆ. ನಮ್ಮೂರ ಶಾಲೆಯಲ್ಲಿ ಹೀಗೆ ಎಣಿಸಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ರಾಯರು ಮಾತ್ರ ಆಗಲೇ 6ಜಿ ಫೋನ್ ವಿಚಾರಿಸುತ್ತಿದ್ದಾರೆ. "ಬಂದ ತಕ್ಷಣ ಫೋನ್ ಮಾಡ್ತೀನಿ ಸಾರ್" ಎಂದಿದ್ದಾನೆ ಅಂಗಡಿ ಹುಡುಗ.

"ಫೋನ್ ಬೇಡ," ಎಂದರು ರಾಯರು. "ಒಂದು ಕಾರ್ಡ್ ಹಾಕು. ಪೋಸ್ಟ್‌ಮ್ಯಾನ್ ಬರ್ತಾನೆ."